ಸಹಾಯ ಬೇಕು: ಟಿಬಿ ವಾಸಿಯಾಯಿತು, ಚಿತ್ರ ಬಿಡಿಸುವ ಮನಸ್ಸು ಮಾತ್ರ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಊರು ಕುಂದಾಪುರದ ಕಡೆ. ಕಳೆದ ವರ್ಷ ಶ್ವಾಸಕೋಶದ ಟಿಬಿ ಆಗಿತ್ತು. 6 ತಿಂಗಳ ಮಾತ್ರೆ ಪೂರ್ತಿ ತೆಗೆದುಕೊಂಡೆ. ಈಗ ಕಫದ ಪರೀಕ್ಷೆ, ಎಕ್ಸ್‌ರೇ ಸರಿ ಇವೆ, ತೂಕವೂ ಏರಿದೆ.

ಜಲವರ್ಣ ಅಂದರೆ ನನಗೆ ಪ್ರಾಣ. ರಜೆ ಸಿಕ್ಕರೆ ಲೋಕಲ್ ರೈಲು ಹಿಡಿದು ಮುಂಬೈನ ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿಯುತ್ತಿದ್ದೆ. ಫೋರ್ಟ್, ಬಾಣಗಂಗಾ ಕೆರೆ, ಗಿರಗಾಂವ್‌ನ ಖೋತಾಚಿ ವಾಡಿ ಎಲ್ಲ ಸುತ್ತುತ್ತಿದ್ದೆ. ಖೋತಾಚಿ ವಾಡಿಯ ಹಳೆ ಮನೆಗಳ ಮರದ ಬಾಲ್ಕನಿ, ಹೊರಗಿನ ಮೆಟ್ಟಿಲು ಎಷ್ಟು ಬಿಡಿಸಿದರೂ ಸಾಕು ಅನಿಸುತ್ತಿರಲಿಲ್ಲ. ಈಗ ಕಾಗದದ ಮುಂದೆ ಕೂತರೆ ಏನೂ ಅನಿಸುವುದೇ ಇಲ್ಲ. ಅದೇ ಭಯ.

ಹಠ ಹಿಡಿದು ದಿನಾ ಬೆಳಿಗ್ಗೆ ಕೂತು ನೋಡಿದೆ. ಸ್ವಲ್ಪ ಹೊತ್ತಿಗೇ ಸುಸ್ತು, ಮಾರನೇ ದಿನ ಬಣ್ಣದ ಪೆಟ್ಟಿಗೆ ಕಂಡರೇ ಬೇಸರ. ಬಿಟ್ಟು ಸುಮ್ನೆ ಇದ್ದೂ ನೋಡಿದೆ, ಮಳೆಗಾಲವೇ ಕಳೆದುಹೋಯಿತು. ಕಾಲಾ ಘೋಡಾದ ಜಹಾಂಗೀರ್ ಗ್ಯಾಲರಿಗೆ ಹೋದರೆ ಅಲ್ಲಿ ಖುಷಿಯಾಗುತ್ತದೆ, ಮನೆಗೆ ಬಂದರೆ ಮತ್ತೆ ಖಾಲಿ. ಊಟ, ನಿದ್ದೆ, ಆಫೀಸ್ ಕೆಲಸ ಎಲ್ಲ ಚೆನ್ನಾಗಿಯೇ ನಡೆಯುತ್ತಿದೆ, ಹಾಗಾಗಿ ಇನ್ನೂ ಗೊಂದಲ ಜಾಸ್ತಿ. ಇದು ದೇಹದಲ್ಲಿ ಉಳಿದ ಸುಸ್ತೋ, ಅಭ್ಯಾಸ ತಪ್ಪಿದ್ದಕ್ಕೋ? ಸುಸ್ತಾದರೆ ವಿಶ್ರಾಂತಿ ಬೇಕು, ಅಭ್ಯಾಸ ತಪ್ಪಿದ್ದಾದರೆ ಕೂರಲೇಬೇಕು, ಅಲ್ವಾ?

ದೊಡ್ಡ ಕಾಯಿಲೆ ಆದ ಮೇಲೆ ಚಿತ್ರ, ಹಾಡು, ಯಕ್ಷಗಾನ, ಬರವಣಿಗೆ ಯಾವುದಕ್ಕಾದರೂ ಮರಳಿದವರು ದಯವಿಟ್ಟು ಹೇಳಿ: ಮನಸ್ಸು ಬರುವ ತನಕ ಕಾದಿರಾ, ಇಲ್ಲ ಬೇಸರವಾದರೂ ದಿನಾ ಮಾಡಿದಿರಾ? ದಿನಾ ಮಾಡಿದ್ದರೆ ಶುರುವಿನಲ್ಲಿ ಎಷ್ಟು ಹೊತ್ತು ಕೂರುತ್ತಿದ್ದಿರಿ?