ನಮ್ಮ ಕಾರ್ಗಿ ಎಲ್ಲರ ಹಿಮ್ಮಡಿ ಹಿಡಿಯುತ್ತಾನೆ, ಏನು ಮಾಡಲಿ?

ಹಿರಿಯೂರಿನ ಹುಡುಗಿ:
ನಮಸ್ಕಾರ. ನಾವು ಇರುವುದು ವೇಲ್ಸ್‌ನಲ್ಲಿ, ಕಾರ್ಮಾರ್ಥನ್ ಹತ್ತಿರದ ಹಳ್ಳಿ. ಬೇಲಿ ದಾಟಿದರೆ ಪಕ್ಕದವರ ಹುಲ್ಲುಗಾವಲು, ತುಂಬಾ ಕುರಿ, ಸ್ವಲ್ಪ ದನ. ಪೆಂಬ್ರೋಕ್ ಕಾರ್ಗಿ ಅನ್ನುವ, ದನ ಅಟ್ಟುವ ಗಿಡ್ಡ ತಳಿಯ ನಾಯಿ ಸಾಕಿದ್ದೇವೆ, ಈಗ ಏಳು ತಿಂಗಳು, ಹೆಸರು ಬೋಂಡ. ಒಳ್ಳೆಯವನೇ, ಆದರೆ ಮಗಳು ಓಡಿದರೆ ಸಾಕು, ಹಿಂದೆ ಬಿದ್ದು ಹಿಮ್ಮಡಿ ಹಿಡಿಯುತ್ತಾನೆ. ಊರಿಂದ ಅತ್ತೆ ಬಂದಿದ್ದಾಗ ಸೀರೆ ನೆರಿಗೆ ಅಲ್ಲಾಡುವುದನ್ನು ನೋಡಿ ಅವರನ್ನು ಅಡುಗೆಮನೆ ತನಕ ಅಟ್ಟಿಕೊಂಡು ಹೋದ, ಅವರು ಮೂರು ದಿನ ಕುರ್ಚಿ ಮೇಲೆ ಕಾಲು ಎತ್ತಿ ಕೂತರು. ನಮ್ಮಪ್ಪ ಕುರಿ ಸಾಕಿದವರು. ವಿಡಿಯೋ ಕಾಲ್‌ನಲ್ಲಿ ಇವನನ್ನು ನೋಡಿ, "ಹೊಟ್ಟೆ ನೆಲಕ್ಕೆ ತಾಗುತ್ತೆ, ಇದು ದನ ಹೊಡೆಯುತ್ತಾ?" ಅಂತ ನಗುತ್ತಾರೆ. ಈ ಕಚ್ಚುವ ಚಾಳಿ ಬಿಡಿಸುವುದು ಹೇಗೆ? ಪಕ್ಕದವರ ಕುರಿ ಜೊತೆ ಸ್ವಲ್ಪ ಬಿಟ್ಟರೆ ಆಸೆ ತೀರುತ್ತಾ?

ಕೊಟ್ಟಿಗೆ ಮಾವ:
ಅಪ್ಪನಿಗೆ ಹೇಳಮ್ಮ, ಗಿಡ್ಡ ಇರುವುದೇ ಅದರ ಬಂಡವಾಳ. ಪೆಂಬ್ರೋಕ್‌ಶೈರ್‌ನ ಒಂದು ಡೈರಿಯಲ್ಲಿ ನಾನು ಎರಡು ವರ್ಷ ದುಡಿದಿದ್ದೇನೆ, ಅಲ್ಲೊಂದು ಮುದಿ ಕಾರ್ಗಿ ಇತ್ತು. ಸಂಜೆ ಹಾಲು ಕರೆಯುವ ಹೊತ್ತಿಗೆ ಹಸುಗಳು ಗೇಟಿನ ಹತ್ತಿರ ನಿಂತುಬಿಟ್ಟರೆ ಅದು ಹಿಂದಿನಿಂದ ಆ ಕಡೆ ಈ ಕಡೆ ಓಡಾಡಿ, ಜಗ್ಗದ ಹಸುವಿನ ಹಿಂಗಾಲನ್ನು ಗೊರಸಿನ ಮೇಲೆ ಒಮ್ಮೆ ಹಿಡಿದು ಬಿಡುತ್ತಿತ್ತು. ಹಸು ಒದೆಯುವಷ್ಟರಲ್ಲಿ ನೆಲಕ್ಕೆ ಚಪ್ಪಟೆ! ಒದೆ ತಲೆಯ ಮೇಲಿಂದ ಹೋಗುತ್ತಿತ್ತು. ಎತ್ತರದ ನಾಯಿಯಾಗಿದ್ದರೆ ದವಡೆ ಪುಡಿ.

ಇವು ಮೊದಲಿಂದಲೂ ದನದ ನಾಯಿಗಳು. ವೆಲ್ಷ್ ಭಾಷೆಯಲ್ಲಿ 'ಕೋರ್' ಅಂದರೆ ಕುಳ್ಳ, 'ಕೀ' ಅಂದರೆ ನಾಯಿ, ಸೇರಿದಾಗ 'ಗೀ' ಆಗುತ್ತದೆ. ಕಾರ್ಗಿಯಲ್ಲಿ ಪೆಂಬ್ರೋಕ್, ಕಾರ್ಡಿಗನ್ ಅಂತ ಎರಡು ಬಗೆ. ಎರಡನ್ನೂ ಮೊದಲು ಒಂದೇ ತಳಿ ಅಂತ ನೋಡುತ್ತಿದ್ದರು, 1934ರಲ್ಲಿ ನಾಯಿ ತಳಿಗಳ ದಾಖಲೆ ಇಡುವ ಬ್ರಿಟನ್‌ನ ಕೆನಲ್ ಕ್ಲಬ್ ಬೇರೆ ಬೇರೆ ಮಾಡಿತು. ಕಾರ್ಡಿಗನ್‌ಗೆ ನರಿಯಂಥ ಉದ್ದ ಬಾಲ, ಮೈಯೂ ಸ್ವಲ್ಪ ದೊಡ್ಡದು. ಬಯಲಿಗೆಲ್ಲ ಬೇಲಿ ಬಂದ ಮೇಲೆ ಇವಕ್ಕೆ ಕೆಲಸ ಕಮ್ಮಿಯಾಯಿತು, ಕುರಿಗೆ 'ಕಾಲಿ' (collie) ಅನ್ನುವ ಕುರಿ ಕಾಯುವ ತಳಿಯ ನಾಯಿಯೇ ಬೇಕಾಯಿತು. ಕಾಲಿ ಮುಂದೆ ಬಗ್ಗಿ ನಿಂತು ಕಣ್ಣಲ್ಲೇ ಹೆದರಿಸುತ್ತದೆ, ಕಾರ್ಗಿ ಹಿಂದೆ ನಿಂತು ಬೊಗಳಿ ಕಚ್ಚಿ ಓಡಿಸುತ್ತದೆ. ನಿಮ್ಮ ಬೋಂಡ ನಿಮ್ಮ ಅತ್ತೆಯವರನ್ನು ಹಸು ಅಂದುಕೊಂಡಿದ್ದಾನೆ, ಅಷ್ಟೇ. ಅವರಿಗೆ ಮಾತ್ರ ಹೇಳಬೇಡಿ.

ಬಾಲವಿಲ್ಲದವನು:
ನಮ್ಮ ಮನೆಯಲ್ಲೂ ಇದೇ ಗೋಳಿತ್ತು. ಮಗಳಿಗೆ ಕಿರುಚಬೇಡ, ಓಡಬೇಡ ಅಂತ ಹೇಳಿಕೊಡಿ. ಕಿರುಚಿದರೆ ಅವನಿಗೆ ಆಟ ಇನ್ನೂ ಜೋರು. ಹಿಮ್ಮಡಿಗೆ ಬಾಯಿ ಹಾಕಿದ ತಕ್ಷಣ ಮರದ ಹಾಗೆ ನಿಂತುಬಿಡಬೇಕು. ಬಿಟ್ಟ ಕೂಡಲೇ ಒಂದು ಚೂರು ತಿಂಡಿ. ಹೊಡೆಯಬೇಡಿ, ದನದ ಒದೆಗೇ ಹೆದರದ ತಳಿ, ನಿಮ್ಮ ಚಪ್ಪಲಿಗೆ ಹೆದರುತ್ತದಾ? ದೊಡ್ಡ ಚೆಂಡು ತಂದು ಅದನ್ನು ತಳ್ಳಲು ಬಿಡಿ, ದಿನಕ್ಕೆ ಒಂದು ಗಂಟೆಯಾದರೂ ನಡೆಸಿ. ನಮಗೆ ಎರಡು ತಿಂಗಳು ಹಿಡಿಯಿತು.

ಇನ್ನೊಂದು ಮಾತು, ತೂಕ ನೋಡಿಕೊಳ್ಳಿ. ಪೆಂಬ್ರೋಕ್ 10ರಿಂದ 12 ಕೆಜಿ ಇದ್ದರೆ ಸಾಕು. ಉದ್ದ ಬೆನ್ನು, ಗಿಡ್ಡ ಕಾಲು, ಬೊಜ್ಜು ಬಂದರೆ ಬೆನ್ನುಮೂಳೆಯ ಡಿಸ್ಕ್ ಜಾರಬಹುದು. ನಮ್ಮಮ್ಮ "ಪಾಪ" ಅಂತ ತುಪ್ಪದನ್ನ ಹಾಕಿ ಹಾಕಿ 15 ಕೆಜಿ ಮಾಡಿದ್ದರು, ಸೋಫಾ ಹತ್ತಲು ಆಗದೆ ಕೆಳಗೇ ನಿಂತು ಕುಂಯ್ ಅನ್ನುತ್ತಿತ್ತು. ಕೂದಲಂತೂ ಕೇಳಬೇಡಿ, ಸಾರಿನಲ್ಲೂ ಸಿಗುತ್ತದೆ.

ಹಿರಿಯೂರಿನ ಹುಡುಗಿ:
ಅಯ್ಯೋ ಬೋಂಡ ಈಗಲೇ 13! ಮೊಸರನ್ನ ಇವತ್ತಿಂದ ಬಂದ್. ಮತ್ತೆ ಕುರಿ ವಿಷಯ?

ಮಲ್ಲೇಶ_ಸ್ವಾನ್ಸೀ:
ಸುಮ್ನೆ ಬಿಡಲೇಬೇಡಿ ಮೇಡಂ. ನಾಯಿ ಕುರಿ ಅಟ್ಟಿಸಿಕೊಂಡು ಹೋದರೆ ಇಲ್ಲಿ ಅದು ಅಪರಾಧ, 1953ರಿಂದಲೂ ಕಾನೂನಿದೆ. ರೈತ ಬಂದೂಕು ಎತ್ತಿದರೂ ಎಷ್ಟೋ ಸಲ ಕಾನೂನು ಅವನ ಕಡೆಗೇ. ವಸಂತದಲ್ಲಿ ಗಬ್ಬದ ಕುರಿ ಹೆದರಿ ಓಡಿದರೆ ಮರಿಯೇ ಹೋಗಬಹುದು. ಕಲಿಸಬೇಕು ಅಂತಿದ್ದರೆ ದನ ಕಾಯುವ ನಾಯಿಗಳಿಗೆ ಕಲಿಸುವವರ ಹತ್ತಿರ ಹೋಗಿ, ಹಗ್ಗ ಕಟ್ಟಿಯೇ ಶುರು ಮಾಡುತ್ತಾರೆ. ಕಾರ್ಗಿಗೂ ಕುರಿ ಕೆಲಸ ಕಲಿಸಬಹುದು, ಆದರೆ ಮೊದಲು ಬಾಯಿ ಹತೋಟಿಗೆ ಬರಬೇಕು.

ಅರಮನೆ ನಾಯಿ ಅಂದುಕೊಂಡು ತರುವವರೇ ಜಾಸ್ತಿ, ಅದೇ ತೊಂದರೆ. ಎಲಿಜಬೆತ್ ರಾಣಿಗೆ 18ನೇ ಹುಟ್ಟುಹಬ್ಬಕ್ಕೆ ಸೂಸನ್ ಅನ್ನುವ ಕಾರ್ಗಿ ಕೊಟ್ಟಿದ್ದರು. ಆ ಸೂಸನ್ನೂ ಅರಮನೆಯ ಗಡಿಯಾರಕ್ಕೆ ಕೀ ಕೊಡುವವನ ಕಾಲು ಕಚ್ಚಿತ್ತು.

ಹಿರಿಯೂರಿನ ಹುಡುಗಿ:
ಸೂಸನ್ ಕಥೆ ಅತ್ತೆಗೆ ಹೇಳಿದೆ, ಸ್ವಲ್ಪ ಸಮಾಧಾನ ಆಯ್ತು ಅವರಿಗೆ! ಪಕ್ಕದ ರೈತರನ್ನೂ ಕೇಳಿದೆ. ಕುರಿ ಈದು ಮುಗಿಯಲಿ, ಆಮೇಲೆ ಹಗ್ಗ ಹಾಕಿ ಕರೆದುಕೊಂಡು ಬಾ, ಗೇಟಿನ ಆಚೆಯಿಂದ ದನ ನೋಡಲಿ ಅಂದರು. ಅಪ್ಪ ಆ ದಿನ ವಿಡಿಯೋ ಕಾಲ್ ಮಾಡಲೇಬೇಕಂತೆ.