ಐದು ಕಡೆ ಒಂದೇ ತೆರಿಗೆ ಲೆಕ್ಕ: ಒಂದು ಮಾಡಬೇಕಾ, ಬಿಡಬೇಕಾ?

ಬೈಟೂ_ಕಾಫಿ
ನಮ್ಮದು ಐದು ಜನರ ಟೀಮು. ಅಂಗಡಿಗಳಿಗೆ, ಸಣ್ಣ ಹೋಲ್‌ಸೇಲ್ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಸರ್ವರ್ ಕಡೆ ಪೈಥಾನ್, ಬ್ರೌಸರ್ ಕಡೆ ಜಾವಾಸ್ಕ್ರಿಪ್ಟ್. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತಲ್ಲ, ಆವತ್ತು ನಮ್ಮ ಬಂಡವಾಳ ಬಯಲಾಯಿತು. ತೆರಿಗೆ ಲೆಕ್ಕ ಹಾಕುವ ಕೋಡ್ ನಾಲ್ಕು ಕಡೆ ಕೂತಿದೆ: ಬಿಲ್, ಕೊಟೇಶನ್, ಕ್ರೆಡಿಟ್ ನೋಟ್ (ಮಾಲು ವಾಪಸ್ ಬಂದಾಗ ಕೊಡುವ ಚೀಟಿ), ತಿಂಗಳ ರಿಪೋರ್ಟ್. ಯಾರೋ ಒಂದರಿಂದ ಇನ್ನೊಂದಕ್ಕೆ ಕಾಪಿ ಹೊಡೆದಿದ್ದಾರೆ. ಆ ‘ಯಾರೋ’ದಲ್ಲಿ ನಾನೂ ಇದ್ದೇನೆ.

ಮೂರು ಕಡೆ ದರ ತಿದ್ದಿದೆವು, ಕೊಟೇಶನ್ ಮರೆತೆವು. ನಮ್ಮ ಗ್ರಾಹಕರೊಬ್ಬರು ಎಸಿಗಳಿಗೆ ಹಳೇ 28 ಪರ್ಸೆಂಟ್ ಲೆಕ್ಕದಲ್ಲೇ ಕೊಟೇಶನ್ ಕಳಿಸಿದರು. ಹೊಸ ದರ 18. ಪಕ್ಕದ ಅಂಗಡಿಯವರು ಸರಿಯಾದ ದರ ಹಾಕಿ ಆರ್ಡರ್ ಹೊಡೆದುಕೊಂಡು ಹೋದರು. ಈಗ ಬಾಸ್ ಎರಡು ವಾರ ಕೊಟ್ಟು "ಎಲ್ಲಾ ಡೂಪ್ಲಿಕೇಟ್ ಕಿತ್ತುಹಾಕಿ" ಅಂದಿದ್ದಾರೆ. ಯಾವ ಟೂಲ್ ಹಿಡಿಯಲಿ? ಎಲ್ಲಿಂದ ಶುರು ಮಾಡಲಿ?

ಲಿಂಟ್_ಭೀಮ
ಜೆಎಸ್‌ಸಿಪಿಡಿ ಹಾಕಿ, ಕಾಪಿ ಕೋಡ್ ಹುಡುಕುವ ಟೂಲ್ ಅದು. ಪೈಥಾನ್, ಜಾವಾಸ್ಕ್ರಿಪ್ಟ್ ಎರಡನ್ನೂ ಓದುತ್ತದೆ. ಇಲ್ಲಾ ಪಿಎಂಡಿ ಅನ್ನುವ ಕೋಡ್ ತಪಾಸಣೆ ಟೂಲ್ ಜೊತೆ ಬರುವ ಸಿಪಿಡಿ ಇದೆ. ಎರಡರ ಹೊಟ್ಟೆಯಲ್ಲೂ ಒಂದೇ ಉಪಾಯ: ಕೋಡನ್ನು ಟೋಕನ್‌ಗಳಾಗಿ (ಹೆಸರು, ಚಿಹ್ನೆ, ಸಂಖ್ಯೆಯಂಥ ಚಿಕ್ಕ ತುಂಡುಗಳಾಗಿ) ಒಡೆದು, ರಾಬಿನ್-ಕಾರ್ಪ್ ಅಲ್ಗಾರಿದಂನಿಂದ ಒಂದೇ ಥರದ ಟೋಕನ್ ಸಾಲು ಎಲ್ಲೆಲ್ಲಿ ಬಂದಿದೆ ಅಂತ ಹುಡುಕುತ್ತವೆ. ಸ್ಪೇಸ್ ಜಾಸ್ತಿ ಇರಲಿ, ಸಾಲು ಬೇರೆ ಕಡೆ ಮುರಿದಿರಲಿ, ಸಿಕ್ಕಿಬೀಳುತ್ತದೆ. ಜೆಎಸ್‌ಸಿಪಿಡಿಯಲ್ಲಿ ಕನಿಷ್ಠ 50 ಟೋಕನ್ ಅಂತ ಮೊದಲೇ ಇಟ್ಟಿರುತ್ತಾರೆ. ಅದನ್ನು 100ಕ್ಕೆ ಏರಿಸಿ, ಇಲ್ಲದಿದ್ದರೆ ಕಸವೇ ಜಾಸ್ತಿ ಬರುತ್ತದೆ.

ಆಮೇಲೆ ಸಿಐನಲ್ಲಿ (ಕೋಡ್ ಸೇರಿಸಿದಾಗಲೆಲ್ಲ ತಾನೇ ಓಡುವ ತಪಾಸಣೆ) ಡೂಪ್ಲಿಕೇಟ್‌ಗೆ ಮಿತಿ ಹಾಕಿಬಿಡಿ. ದಾಟಿದರೆ ಬಿಲ್ಡ್ ಫೇಲ್. ಸೋನಾರ್‌ಕ್ಯೂಬ್ ಅನ್ನುವ ಕೋಡ್ ತಪಾಸಣೆ ಟೂಲ್‌ನ ರೆಡಿಮೇಡ್ ಗೇಟ್‌ನಲ್ಲೇ ಹೊಸ ಕೋಡಿಗೆ 3 ಪರ್ಸೆಂಟ್ ಮಿತಿ ಇದೆ. ಬಾಸ್‌ಗೂ ತೋರಿಸಲು ಒಂದು ನಂಬರ್ ಸಿಕ್ಕಂತಾಯಿತು.

ಒಂದೂವರೆ_ಲೈನ್
ಆ ನಂಬರ್ ಹಿಂದೆ ಬಿದ್ದು ಹಾಳಾದ ಒಂದು ಪ್ರಾಜೆಕ್ಟ್‌ನಲ್ಲಿ ಮೂರು ವರ್ಷ ಇದ್ದೆ. ಪಿಡಿಎಫ್ ಮಾಡುವ ಕೋಡು, ಈಮೇಲ್ ಮಾಡುವ ಕೋಡು, ಪ್ರಿಂಟರ್‌ಗೆ ಕಳಿಸುವ ಕೋಡು ನೋಡಲು ಒಂದೇ ಥರ ಇದ್ದವು. ಟೂಲ್ ಕೆಂಪು ತೋರಿಸಿತು. ಒಬ್ಬ ಉತ್ಸಾಹಿ ಮೂರನ್ನೂ ಸೇರಿಸಿ ಒಂದು ಫಂಕ್ಷನ್ ಮಾಡಿದ. ನಾನು ಬಿಡುವ ಹೊತ್ತಿಗೆ ಅದಕ್ಕೆ ಹನ್ನೊಂದು ಪ್ಯಾರಾಮೀಟರ್ (ಒಳಗೆ ಕೊಡಬೇಕಾದ ಮಾಹಿತಿ), ಅದರಲ್ಲಿ ಆರು ಟ್ರೂ-ಫಾಲ್ಸ್. ಮೂಗಿಗಿಂತ ಮೂಗುತಿ ಭಾರ. ಪ್ರಿಂಟರ್‌ಗೆ ಮಾರ್ಜಿನ್ ಬದಲಿಸಿದರೆ ಈಮೇಲ್ ಕೆಡುತ್ತಿತ್ತು.

ರೂಬಿ ಪ್ರೋಗ್ರಾಮರ್, ಲೇಖಕಿ ಸ್ಯಾಂಡಿ ಮೆಟ್ಜ್ 2016ರಲ್ಲಿ ಬರೆದದ್ದು ಇದನ್ನೇ. ತಪ್ಪಾಗಿ ಕಟ್ಟಿದ ಅಬ್‌ಸ್ಟ್ರಾಕ್ಷನ್‌ಗಿಂತ, ಅಂದರೆ ಹಲವು ಕೆಲಸಕ್ಕೆ ಸೇರಿಸಿ ಮಾಡಿದ ಒಂದೇ ಕೋಡಿಗಿಂತ, ಡೂಪ್ಲಿಕೇಟ್ ಕೋಡ್ ಎಷ್ಟೋ ಅಗ್ಗ. ಅಂಥದ್ದರಲ್ಲಿ ಸಿಕ್ಕಿಹಾಕಿಕೊಂಡರೆ ವಾಪಸ್ ಕಾಪಿ ಮಾಡಿ ಬಿಡಿಸಿಕೊಳ್ಳಿ ಅಂತಲೂ ಹೇಳುತ್ತಾರೆ. ಎರಡು ವಾರದಲ್ಲಿ "ಎಲ್ಲಾ" ತೆಗೆಯಲು ಹೊರಟರೆ ನಿಮಗೂ ಅದೇ ಗತಿ.

ಲಿಂಟ್_ಭೀಮ
ಒಂದೇ ಕೋಡ್ ಮೂರು ಸಲ ಬರುವವರೆಗೆ ಸೇರಿಸದೆ ಕಾಯಿರಿ ಅನ್ನುವ ಪ್ರೋಗ್ರಾಮರ್ ಡಾನ್ ರಾಬರ್ಟ್ಸ್ ನಿಯಮ ನನಗೂ ಗೊತ್ತು ಸಾರ್. ಇವರದು ನಾಲ್ಕಾಗಿದೆ! ಒಂದು ಆರ್ಡರ್ ಬೇರೆ ಹೋಗಿದೆ. ಇನ್ನೆಷ್ಟು ಕಾಯಬೇಕು?

ಟೆಸ್ಟ್_ಅಕ್ಕ
ಇಬ್ಬರೂ ಸ್ವಲ್ಪ ತಡೆಯಿರಿ. ಸೇರಿಸಬೇಕಾ ಬಿಡಬೇಕಾ ಅನ್ನುವ ಮೊದಲು, ಆ ನಾಲ್ಕೂ ಇವತ್ತಿಗೆ ಒಂದೇನಾ ಅಂತ ಯಾರಾದರೂ ನೋಡಿದ್ದೀರಾ? ಕಾಪಿ ಹೊಡೆದ ದಿನ ಒಂದೇ ಇರುತ್ತದೆ. ಆಮೇಲೆ ಒಂದೊಂದೂ ಒಂದೊಂದು ದಾರಿ ಹಿಡಿಯುತ್ತದೆ.

ಇನ್ನೊಂದು ವಿಷಯ. ಈ ಟೂಲ್‌ಗಳು ಒಂದೇ ಭಾಷೆಯ ಒಳಗೆ ಮಾತ್ರ ಹೋಲಿಸುತ್ತವೆ. ಪೈಥಾನ್‌ನಲ್ಲಿ ಬರೆದ ಲೆಕ್ಕವನ್ನೇ ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೆ ಬರೆದಿದ್ದರೆ ರಿಪೋರ್ಟ್‌ನಲ್ಲಿ ಸೊನ್ನೆ. ಬ್ರೌಸರ್‌ನಲ್ಲಿ ಬಿಲ್ ಮೊತ್ತ ತೋರಿಸುತ್ತೀರಾ? ತೋರಿಸುವುದಾದರೆ ಪೈಥಾನ್‌ನಲ್ಲಿ ರೌಂಡ್ ಮಾಡಿದ 122.50 ಎಷ್ಟಾಗುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ ಎಷ್ಟಾಗುತ್ತದೆ, ಒಂದ್ಸಲ ನೋಡಿ ಬನ್ನಿ.

ಬೈಟೂ_ಕಾಫಿ
ನೋಡಿ ಬಂದೆ. ಪೈಥಾನ್ 122 ಅನ್ನುತ್ತದೆ, ಜಾವಾಸ್ಕ್ರಿಪ್ಟ್ 123 ಅನ್ನುತ್ತದೆ. ತಲೆ ತಿರುಗಿತು. ಕೆಲವು ಗ್ರಾಹಕರು "ಸ್ಕ್ರೀನಲ್ಲಿ ಒಂದು, ಪ್ರಿಂಟಲ್ಲಿ ಒಂದು ರೂಪಾಯಿ ಕಮ್ಮಿ" ಅನ್ನುತ್ತಿದ್ದರು. ಪ್ರಿಂಟರ್ ಸಮಸ್ಯೆ ಅಂತ ಟಿಕೆಟ್ ಮುಚ್ಚಿದ್ದೆವು 🙈

ಜೆಎಸ್‌ಸಿಪಿಡಿಯನ್ನೂ ಓಡಿಸಿದೆ. ಮೊದಲ ರಿಪೋರ್ಟ್‌ನಲ್ಲಿ ಅರ್ಧಕ್ಕರ್ಧ ಜ್ಯಾಂಗೋ ತಾನೇ ಬರೆಯುವ ಮೈಗ್ರೇಶನ್ (ಡೇಟಾಬೇಸ್ ರಚನೆ ಬದಲಿಸುವ) ಫೈಲುಗಳೇ. ಅವನ್ನು ಬಿಟ್ಟು ಮತ್ತೆ ಓಡಿಸಿದೆ. ಬಿಲ್ ಮತ್ತು ಕೊಟೇಶನ್ ಹೆಚ್ಚುಕಮ್ಮಿ ಪೂರ್ತಿ ಸಿಕ್ಕಿದವು. ಕ್ರೆಡಿಟ್ ನೋಟ್ ತುಂಡು ತುಂಡಾಗಿ ಸಿಕ್ಕಿತು. ತಿಂಗಳ ರಿಪೋರ್ಟ್ ಸಿಗಲೇ ಇಲ್ಲ. ಯಾಕೆಂದರೆ ಅದನ್ನು ಯಾರೋ ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್‌ನಲ್ಲಿ ಬರೆದಿದ್ದಾರೆ. ಬ್ರೌಸರ್‌ನದೂ ಸೇರಿದರೆ ನಾಲ್ಕಲ್ಲ, ಐದು.

ಲಿಂಟ್_ಭೀಮ
ಸರಿ, ಟೂಲ್ ಐದರಲ್ಲಿ ಎರಡೂವರೆ ಹಿಡಿಯಿತು ಅನ್ನೋಣ. ಒಪ್ಪಿದೆ. ಆದರೆ ಆ ಎರಡೂವರೆಗಾದರೂ ಟೂಲ್ ಬೇಕಿತ್ತು.

ಲೆಕ್ಕದ_ಪುಸ್ತಕ
ನಾನು ಹತ್ತು ವರ್ಷ ಅಕೌಂಟ್ಸ್ ನೋಡಿ ಆಮೇಲೆ ಕೋಡಿಂಗ್‌ಗೆ ಬಂದವಳು. ಮೂರು ಮಾತು.

ಪೈಥಾನ್‌ನ ರೌಂಡ್ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. ಅದು ಬಗ್ ಅಲ್ಲ, ಅದರ ಸ್ವಭಾವ. ಆದರೆ ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ 170ನೇ ಸೆಕ್ಷನ್ 50 ಪೈಸೆ ಅಥವಾ ಜಾಸ್ತಿ ಇದ್ದರೆ ಮೇಲಿನ ರೂಪಾಯಿಗೆ ಹೋಗಿ ಅನ್ನುತ್ತದೆ. ಅಂದರೆ ಇಲ್ಲಿ ಬ್ರೌಸರ್ ಹೇಳಿದ್ದೇ ಸರಿ. ಪೈಥಾನ್‌ನ ಡೆಸಿಮಲ್ ಮಾಡ್ಯೂಲ್ ಬಳಸಿ, ರೌಂಡ್ ಹಾಫ್ ಅಪ್ (ಅರ್ಧ ಬಂದರೆ ಮೇಲಕ್ಕೆ) ಅಂತ ಕೊಡಿ.

ಕ್ರೆಡಿಟ್ ನೋಟ್ ತುಂಡಾಗಿ ಸಿಕ್ಕಿತು ಅಂದಿರಲ್ಲ, ಅದಕ್ಕೆ ಕಾರಣ ಇರಬಹುದು. ಆಗಸ್ಟ್‌ನಲ್ಲಿ 28ಕ್ಕೆ ಮಾರಿದ ಎಸಿ ಅಕ್ಟೋಬರ್‌ನಲ್ಲಿ ವಾಪಸ್ ಬಂದರೆ ಕ್ರೆಡಿಟ್ ನೋಟ್ 28ರಲ್ಲೇ ಹೋಗಬೇಕು. ಮೂಲ ಬಿಲ್ಲಿನ ದರ ಅದು. ಸುಮ್ನೆ ಬಿಲ್‌ನ ಫಂಕ್ಷನ್‌ಗೆ ಸೇರಿಸಿದರೆ 18 ಹಾಕಿಬಿಡುತ್ತದೆ.

ಮತ್ತೆ ಎಸ್‌ಇಝಡ್, ಅಂದರೆ ವಿಶೇಷ ಆರ್ಥಿಕ ವಲಯ. ಕರ್ನಾಟಕದ ಅಂಗಡಿ ಕರ್ನಾಟಕದಲ್ಲೇ ಇರುವ ಎಸ್‌ಇಝಡ್ ಘಟಕಕ್ಕೆ ಮಾಲು ಕೊಟ್ಟರೂ ಕಾನೂನು ಅದನ್ನು ಅಂತರರಾಜ್ಯ ವ್ಯವಹಾರ ಅಂತಲೇ ನೋಡುತ್ತದೆ. ತೆರಿಗೆಯನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಅಂತ ಎರಡು ಭಾಗ ಮಾಡುವ ಹಾಗಿಲ್ಲ. ಅಂತರರಾಜ್ಯ ವ್ಯವಹಾರದ ಐಜಿಎಸ್‌ಟಿ ದಾರಿಯಲ್ಲೇ ಹೋಗಬೇಕು. ಇದು ನಿಮ್ಮ ಐದೂ ಕಡೆ ಇದೆಯಾ?

ಒಂದೂವರೆ_ಲೈನ್
ಇದಕ್ಕೇ ನಾನು ಬಡ್ಕೊಂಡದ್ದು! ಕ್ರೆಡಿಟ್ ನೋಟ್ ನೋಡಲು ಬಿಲ್ ಥರ ಇದೆ, ಆದರೆ ಅದರ ನಿಯಮವೇ ಬೇರೆ. ಅದನ್ನು ಅದರ ಪಾಡಿಗೆ ಬಿಡಿ.

ಲೆಕ್ಕದ_ಪುಸ್ತಕ
ಇಲ್ಲ, ಅಲ್ಲಿ ನಿಮ್ಮ ಮಾತು ಒಪ್ಪುವುದಿಲ್ಲ. ನಿಯಮ ಬೇರೆ ಅಲ್ಲ. "ಈ ಸಾಮಾನಿಗೆ, ಈ ತಾರೀಕಿಗೆ ಎಷ್ಟು ದರ?" ಪ್ರಶ್ನೆ ಎರಡು ಕಡೆಯೂ ಒಂದೇ. ಬಿಲ್‌ನ ಕೋಡ್ ಬರೆದವರು ತಾರೀಕನ್ನು ಮರೆತಿದ್ದಾರೆ ಅಷ್ಟೇ, ಯಾಕೆಂದರೆ ಬಿಲ್‌ಗೆ ಯಾವಾಗಲೂ ಇವತ್ತೇ. ಫಂಕ್ಷನ್‌ಗೆ ಸಾಮಾನು ಮತ್ತು ತಾರೀಕು ಎರಡನ್ನೂ ಕೊಡಿ. ಬಿಲ್ ಇವತ್ತಿನ ತಾರೀಕು ಕಳಿಸಲಿ, ಕ್ರೆಡಿಟ್ ನೋಟ್ ಮೂಲ ಬಿಲ್ಲಿನ ತಾರೀಕು ಕಳಿಸಲಿ. ಇದು ನಿಮ್ಮ ಹನ್ನೊಂದು ಪ್ಯಾರಾಮೀಟರ್‌ನ ಮೂಗುತಿ ಅಲ್ಲ ಸಾರ್. ಮೂಗೇ ಇರಲಿಲ್ಲ, ಈಗ ಬಂತು.

ಒಂದೂವರೆ_ಲೈನ್
ಹ್ಮ್. ದರಕ್ಕೆ ಒಪ್ಪಿದೆ. ಆದರೆ ಕ್ರೆಡಿಟ್ ನೋಟ್‌ನ ಮಿಕ್ಕ ಸಾಲುಗಳನ್ನು, ಟೂಲ್ ತೋರಿಸಿತು ಅಂತ, ಬಿಲ್ ಜೊತೆ ಹೊಲಿಯಬೇಡಿ. ನಾಳೆ ಒಂದಕ್ಕೆ ಫಾರ್ಮ್ ಬದಲಾದರೆ ಇನ್ನೊಂದಕ್ಕೆ ಬದಲಾಗಬೇಕೆಂದಿಲ್ಲ. ಆಂಡಿ ಹಂಟ್, ಡೇವ್ ಥಾಮಸ್ 1999ರ ತಮ್ಮ ಪುಸ್ತಕದಲ್ಲಿ ‘ಡ್ರೈ’ (ಡೋಂಟ್ ರಿಪೀಟ್ ಯುವರ್‌ಸೆಲ್ಫ್) ಅಂದದ್ದು ಒಂದು ತಿಳಿವಳಿಕೆ ಒಂದೇ ಕಡೆ ಇರಲಿ ಅಂತ. ಸಾಲುಗಳು ಒಂದೇ ಥರ ಕಾಣಬಾರದು ಅಂತ ಅಲ್ಲ. ಜನ ಎರಡನ್ನೂ ಕಲಸುತ್ತಾರೆ.

ಹಳೇ_ಕರ್ನಲ್
ತಡವಾಗಿ ಬಂದೆ. ಬಿಲ್ಲಿಂಗ್ ನನಗೆ ಗೊತ್ತಿಲ್ಲ. ಲಿನಕ್ಸ್ ಕರ್ನಲ್‌ನ (ಆ ಆಪರೇಟಿಂಗ್ ಸಿಸ್ಟಂನ ತಿರುಳು) ಎರಡು ಕಥೆ ಹೇಳುತ್ತೇನೆ, ಭೀಮ, ಒಂದೂವರೆ ಇಬ್ಬರಿಗೂ ಒಂದೊಂದು.

ಮೊದಲನೆಯದು ಒಂದೂವರೆಯವರಿಗೆ. 2006ರಲ್ಲಿ, ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ಎಕ್ಸ್ಟ್3 ಫೈಲ್ ಸಿಸ್ಟಂಗೆ ದೊಡ್ಡ ಡಿಸ್ಕಿನ ಸೌಲಭ್ಯ ಸೇರಿಸಬೇಕಾಯಿತು. ಅದನ್ನು ನಂಬಿ ಎಷ್ಟೋ ಜನ ಡೇಟಾ ಇಟ್ಟಿದ್ದರು. ಮುಟ್ಟಿದರೆ ಕೆಡಬಹುದು. ಏನು ಮಾಡಿದರು ಗೊತ್ತಾ? ಇಡೀ ಡೈರೆಕ್ಟರಿಯನ್ನೇ ಕಾಪಿ ಮಾಡಿ ಎಕ್ಸ್ಟ್4 ಅಂತ ಹೆಸರಿಟ್ಟರು. ಬೇಕಂತಲೇ ಮಾಡಿದ ಡೂಪ್ಲಿಕೇಟ್. ಹಲವು ಬಗ್‌ಗಳನ್ನು ಎರಡು ಕಡೆ ಸರಿಮಾಡುವ ಕಷ್ಟ ಅನುಭವಿಸಿದರು. ಎಕ್ಸ್ಟ್4 ಗಟ್ಟಿಯಾದ ಮೇಲೆ, 2015ರ 4.3 ಆವೃತ್ತಿಯಲ್ಲಿ ಎಕ್ಸ್ಟ್3ರ ಕೋಡನ್ನೇ ತೆಗೆದುಹಾಕಿದರು. ಹಳೇ ಡಿಸ್ಕನ್ನು ಈಗ ಎಕ್ಸ್ಟ್4 ಡ್ರೈವರ್ ಓದುತ್ತದೆ. ಒಂಬತ್ತು ವರ್ಷದ ಕಾಪಿ, ಕೊನೆಗೆ ಒಂದಾಯಿತು.

ಎರಡನೆಯದು ಭೀಮನಿಗೆ. 32 ಬಿಟ್ ಇಂಟೆಲ್ ಪ್ರೊಸೆಸರ್‌ಗೆ ಒಂದು ಡೈರೆಕ್ಟರಿ, 64 ಬಿಟ್‌ಗೆ ಇನ್ನೊಂದು ಇತ್ತು. ಒಂದರಲ್ಲಿ ಸರಿಮಾಡಿದ್ದು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಥಾಮಸ್ ಗ್ಲೈಕ್ಸ್ನರ್, ಇಂಗೊ ಮೊಲ್ನಾರ್ ಸೇರಿ 2.6.24 ಆವೃತ್ತಿಯಲ್ಲಿ ಅವನ್ನು ಒಂದು ಮಾಡಿದರು. ಆದರೆ ಹೇಗೆ? ಮೊದಲು ಫೈಲುಗಳನ್ನೆಲ್ಲ ಒಂದೇ ಡೈರೆಕ್ಟರಿಗೆ ತಂದು ಹೆಸರಿನ ಬಾಲಕ್ಕೆ 32, 64 ಅಂತ ಅಂಟಿಸಿದರು. ಒಳಗಿನ ಕೋಡ್ ಹಾಗೇ ಬಿಟ್ಟರು. ಆಮೇಲಿನ ಆವೃತ್ತಿಗಳಲ್ಲಿ ಒಂದೊಂದೇ ಜೋಡಿ ತೆಗೆದುಕೊಂಡು, ವ್ಯತ್ಯಾಸ ನೋಡಿ, ಸೇರಿಸುತ್ತಾ ಹೋದರು. ಕೆಲವು ಜೋಡಿ ಜೋಡಿಯಾಗೇ ಉಳಿದವು. ಎರಡು ವಾರದ ಕೆಲಸ ಅಲ್ಲ ಅದು.

ಲಿಂಟ್_ಭೀಮ
ಅದೇ ಕರ್ನಲ್‌ನಲ್ಲಿ ಕಾಪಿಯ ಬಗ್‌ಗಳೂ ಸಿಕ್ಕಿವೆ ಅಲ್ವಾ? 2004ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಸಿಪಿ-ಮೈನರ್ ಅನ್ನುವ ಟೂಲ್ ಮಾಡಿ ಲಿನಕ್ಸ್‌ನಲ್ಲಿ 28, ಇನ್ನೊಂದು ಆಪರೇಟಿಂಗ್ ಸಿಸ್ಟಂ ಫ್ರೀಬಿಎಸ್‌ಡಿಯಲ್ಲಿ 23 ಕಾಪಿ-ಪೇಸ್ಟ್ ಬಗ್ ಹಿಡಿದರು. ಕಾಪಿ ಮಾಡಿದ ಮೇಲೆ ವೇರಿಯಬಲ್ ಹೆಸರನ್ನು ಮೂರು ಕಡೆ ಬದಲಿಸಿ ನಾಲ್ಕನೆಯದನ್ನು ಮರೆಯುವುದಿದೆಯಲ್ಲ, ಅಂಥವು. ಕಣ್ಣಿಗೆ ಬೀಳದ್ದನ್ನು ಟೂಲ್ ಹಿಡಿದದ್ದು ಅದು. ಸುಮ್ನೆ ಟೂಲ್ ಬೈಯಬೇಡಿ.

ಹಳೇ_ಕರ್ನಲ್
ಬೈಯಲಿಲ್ಲಪ್ಪಾ. ಟೂಲ್ ಎಲ್ಲಿ ನೋಡಬೇಕು ಅಂತ ಹೇಳುತ್ತದೆ. ಏನು ಮಾಡಬೇಕು ಅಂತ ಹೇಳುವುದಿಲ್ಲ.

ಹೊಸ_ಬ್ಯಾಚ್
ನಾನು ಕೆಲಸಕ್ಕೆ ಸೇರಿ ಆರು ತಿಂಗಳು. ಒಂದು ಡೌಟು. ನಮ್ಮಲ್ಲಿ ಎಲ್ಲರೂ ಎಐ ಕೈಲಿ ಕೋಡ್ ಬರೆಸುತ್ತಾರೆ. ಸಂಖ್ಯೆಯನ್ನು ಲಕ್ಷ, ಕೋಟಿಯ ಕಾಮಾ ಹಾಕಿ ತೋರಿಸುವ ಫಂಕ್ಷನ್ ನಮ್ಮ ಪ್ರಾಜೆಕ್ಟ್‌ನಲ್ಲಿ ಏಳು ಇವೆ. ಏಳರ ಹೆಸರೂ ಬೇರೆ, ಬರೆದ ರೀತಿಯೂ ಬೇರೆ. ಟೂಲ್ ಒಂದನ್ನೂ ಹಿಡಿಯುತ್ತಿಲ್ಲ.

ಟೆಸ್ಟ್_ಅಕ್ಕ
ಹಿಡಿಯುವುದೂ ಇಲ್ಲ. ಟೋಕನ್ ಬೇರೆ ಅಲ್ವಾ. ಕೋಡ್ ಬದಲು ಮಾತು ಹುಡುಕಿ: ‘ಲಕ್ಷ’, ‘ಕಾಮಾ’, ‘ಫಾರ್ಮ್ಯಾಟ್’, ‘ರುಪೀ’ ಅಂತ ಗ್ರೆಪ್ (ಪದ ಹುಡುಕುವ ಕಮಾಂಡ್) ಹೊಡೆಯಿರಿ. ಬ್ರೌಸರ್‌ನದಾದರೆ ಏಳನ್ನೂ ತೆಗೆಯಬಹುದು. ಬ್ರೌಸರ್‌ನಲ್ಲೇ ಇರುವ ಇಂಟ್ಲ್ ನಂಬರ್‌ಫಾರ್ಮ್ಯಾಟ್‌ಗೆ ಭಾರತದ ಲೋಕೇಲ್ (ದೇಶ, ಭಾಷೆಯ ಸೆಟ್ಟಿಂಗ್) ಕೊಟ್ಟರೆ 1,00,000 ಅಂತ ತಾನೇ ಬರೆದುಕೊಡುತ್ತದೆ.

ಬೈಟೂ ಅವರೇ, ನಿಮ್ಮ ಕೆಲಸಕ್ಕೆ ನನ್ನ ಸಲಹೆ. ಕೋಡ್ ಮುಟ್ಟಬೇಡಿ. ಹೋದ ವರ್ಷದ ಬಿಲ್‌ಗಳನ್ನು ತೆಗೆದು ಐದೂ ಕಾಪಿಗಳಿಗೆ ಉಣ್ಣಿಸಿ. ಉತ್ತರಗಳನ್ನು ಪಕ್ಕಪಕ್ಕ ಇಡಿ. ಎಲ್ಲಿ ಬೇರೆ ಬರುತ್ತದೋ ಅಲ್ಲಿ ಯಾವುದು ಸರಿ ಅಂತ ಲೆಕ್ಕದ ಪುಸ್ತಕದಂಥವರನ್ನು ಕೇಳಿ. ಆ ಪಟ್ಟಿಯೇ ನಿಮ್ಮ ಟೆಸ್ಟ್. ಗಿಟ್‌ಹಬ್‌ನವರ ಸೈಂಟಿಸ್ಟ್ ಅನ್ನುವ ರೂಬಿ ಲೈಬ್ರರಿಯೂ ಇದೇ ಉಪಾಯ. ಹಳೇದನ್ನೂ ಹೊಸದನ್ನೂ ಒಟ್ಟಿಗೆ ಓಡಿಸುತ್ತದೆ, ಬಳಕೆದಾರರಿಗೆ ಹಳೇ ಉತ್ತರವನ್ನೇ ಕೊಡುತ್ತದೆ, ಎರಡನ್ನೂ ಹೋಲಿಸಿ ವ್ಯತ್ಯಾಸ ತಿಳಿಸುತ್ತದೆ.

ಲಿಂಟ್_ಭೀಮ
ಬ್ರೌಸರ್ ಕಾಪಿಯನ್ನಾದರೂ ಕಿತ್ತುಹಾಕಬಹುದಲ್ಲ? ಮೊತ್ತವನ್ನು ಸರ್ವರ್‌ಗೇ ಕೇಳಿದರಾಯಿತು.

ಬೈಟೂ_ಕಾಫಿ
ಆಗುವುದಿಲ್ಲ. ನಮ್ಮ ಗ್ರಾಹಕರಲ್ಲಿ ಅರ್ಧ ಜನಕ್ಕೆ ಮಧ್ಯಾಹ್ನ ನೆಟ್ ಹೋಗುತ್ತದೆ. ನೆಟ್ ಇಲ್ಲದೆಯೂ ಬಿಲ್ ಆಗಬೇಕು.

ಟೆಸ್ಟ್_ಅಕ್ಕ
ಹಾಗಾದರೆ ಆ ಕಾಪಿ ಇರಲಿ. ದರದ ಪಟ್ಟಿಯನ್ನು ಮಾತ್ರ ಒಂದೇ ಜೇಸನ್ ಫೈಲ್‌ನಲ್ಲಿ (ಎರಡೂ ಭಾಷೆ ಓದಬಲ್ಲ ಡೇಟಾ ಫೈಲ್) ಇಟ್ಟು ಎರಡೂ ಕಡೆ ಓದಿಸಿ. ಲೆಕ್ಕದ ಉದಾಹರಣೆಗಳನ್ನೂ ಒಂದು ಫೈಲ್‌ನಲ್ಲಿಟ್ಟು ಪೈಥಾನ್ ಟೆಸ್ಟೂ ಜಾವಾಸ್ಕ್ರಿಪ್ಟ್ ಟೆಸ್ಟೂ ಅದನ್ನೇ ಓಡಿಸಲಿ. 122.50ರ ಸಾಲು ಮೊದಲನೆಯದು.

ಬೈಟೂ_ಕಾಫಿ (ಹನ್ನೊಂದು ದಿನದ ನಂತರ)
ವರದಿ. ಹಳೇ ಬಿಲ್‌ಗಳನ್ನೆಲ್ಲ ಐದಕ್ಕೂ ಉಣ್ಣಿಸಿದೆ. ಬಹುಪಾಲು ಒಂದೇ ಉತ್ತರ. ಬೇರೆ ಬಂದವು ಎರಡು ಗುಂಪು. ಒಂದು 50 ಪೈಸೆಯವು. ರಿಪೋರ್ಟ್‌ನ ಎಸ್‌ಕ್ಯೂಎಲ್ ಬ್ರೌಸರ್ ಪರ, ಪೈಥಾನ್‌ನ ಮೂರೂ ಎದುರು. ಇನ್ನೊಂದು ಎಸ್‌ಇಝಡ್. ಬಿಲ್‌ನಲ್ಲಿ ಮಾತ್ರ ಸರಿ ಇದೆ, ಮಿಕ್ಕ ನಾಲ್ಕರಲ್ಲೂ ಎರಡು ಭಾಗ ಮಾಡಿ ಕೂತಿದೆ.

ಬಿಲ್, ಕೊಟೇಶನ್, ಕ್ರೆಡಿಟ್ ನೋಟ್ ಮೂರೂ ಈಗ ತಾರೀಕು ತೆಗೆದುಕೊಳ್ಳುವ ಒಂದೇ ಫಂಕ್ಷನ್ ಕರೆಯುತ್ತವೆ. ಕ್ರೆಡಿಟ್ ನೋಟ್‌ನ ಮಿಕ್ಕ ಸಾಲು ಮುಟ್ಟಿಲ್ಲ. ಟೂಲ್ ಇನ್ನೂ ಅಲ್ಲಿ ಕೆಂಪು ತೋರಿಸುತ್ತದೆ, ಯಾಕೆ ಬಿಟ್ಟೆವು ಅಂತ ಎರಡು ಸಾಲು ಕಾಮೆಂಟ್ ಬರೆದು ಆ ಜಾಗವನ್ನು ಬಿಡಲು ಹೇಳಿದ್ದೇವೆ. ಎಸ್‌ಕ್ಯೂಎಲ್ ರಿಪೋರ್ಟ್ ಈಗ ಲೆಕ್ಕ ಹಾಕುವುದೇ ಇಲ್ಲ, ಬಿಲ್ ಉಳಿಸಿದ ತೆರಿಗೆಯನ್ನು ಕೂಡುತ್ತದೆ ಅಷ್ಟೇ. ಹೋದ ವರ್ಷವೇ ಹಾಗೆ ಮಾಡಬಹುದಿತ್ತು. ಯಾರಿಗೂ ಹೊಳೆದಿರಲಿಲ್ಲ.

ಲಿಂಟ್_ಭೀಮ
ಪರ್ಸೆಂಟ್ ಎಷ್ಟು ಇಳಿಯಿತು?

ಬೈಟೂ_ಕಾಫಿ
ಹೇಳಿಕೊಳ್ಳುವಂಥದ್ದೇನಿಲ್ಲ. ಬಾಸ್‌ಗೆ ಬೇಜಾರು.

ಹಳೇ_ಕರ್ನಲ್
ಆ ಎಸ್‌ಇಝಡ್ ಫಿಕ್ಸ್ ಯಾರು ಒಂದೇ ಕಡೆ ಮಾಡಿದ್ದು? ಯಾವ ಸಾಲು ಯಾರು ಬರೆದದ್ದು ಅಂತ ತೋರಿಸುವ ಗಿಟ್ ಬ್ಲೇಮ್‌ಗೆ ದೊಡ್ಡ ಸಿ ಆಪ್ಷನ್ ಎರಡು ಮೂರು ಸಲ ಕೊಟ್ಟರೆ ಬೇರೆ ಫೈಲ್‌ನಿಂದ ಕಾಪಿಯಾದ ಸಾಲಿನ ಮೂಲವನ್ನೂ ತೋರಿಸುತ್ತದೆ.

ಬೈಟೂ_ಕಾಫಿ
ಕೊಟ್ಟು ನೋಡಿದೆ. ನಾನೇ. ಎರಡು ವರ್ಷದ ಹಿಂದೆ, ಶುಕ್ರವಾರ ಸಂಜೆ ಏಳೂ ಮುಕ್ಕಾಲಿಗೆ.

ಟೆಸ್ಟ್_ಅಕ್ಕ
ಕಮಿಟ್ ಮೆಸೇಜ್ ಏನಿತ್ತು?

ಬೈಟೂ_ಕಾಫಿ
"ಸಣ್ಣ ಫಿಕ್ಸ್. ಮಿಕ್ಕ ಕಡೆ ಸೋಮವಾರ."