34ನೇ ವಯಸ್ಸಿನಲ್ಲಿ ಸ್ಕೇಟ್‌ಬೋರ್ಡ್ ಕಲಿಕೆ: ಗಾಲಿ, ನೆಲ ಮತ್ತು ಬೀಳುವುದರ ಬಗ್ಗೆ ಸಲಹೆ ಬೇಕು

ಪ್ರಶ್ನೆ (ಗಂಗಾವತಿಯಿಂದ)

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ಮೂರು ವಾರಗಳ ಹಿಂದೆ ಆನ್‌ಲೈನ್‌ನಲ್ಲಿ ಸ್ಕೇಟ್‌ಬೋರ್ಡ್ ತರಿಸಿಕೊಂಡು, ಭತ್ತ ಒಣಗಿಸಲೆಂದು ಗಿರಣಿಯ ಹಿಂದೆ ಹಾಕಿಸಿರುವ ಸಿಮೆಂಟ್ ಕಣದಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಭಾನುವಾರ ಬೆಳಿಗ್ಗೆ ಅಭ್ಯಾಸ ಮಾಡುತ್ತಿದ್ದೇನೆ. ಅಲ್ಲಿ ಹತ್ತು ಮಾರು ದೂರ ಸಾಗುತ್ತೇನೆ. ಆದರೆ ಮನೆಯ ಮುಂದಿನ ಡಾಂಬರು ರಸ್ತೆಗೆ ಇಳಿದ ದಿನ, ಕಡಲೆಕಾಳಿನಷ್ಟು ಜಲ್ಲಿ ಚೂರೊಂದು ಮುಂದಿನ ಗಾಲಿಗೆ ಸಿಕ್ಕಿ ಬೋರ್ಡ್ ಅಲ್ಲೇ ನಿಂತಿತು; ನಾನು ಮುಂದಕ್ಕೆ ಬಿದ್ದು ಎರಡೂ ಅಂಗೈ ತರಚಿಕೊಂಡೆ. ಇನ್ನೊಂದು ತೊಂದರೆಯೆಂದರೆ, ನಾನು ಎಡಗಾಲಿನಿಂದ ನೆಲ ಒದೆಯುತ್ತೇನೆ, ಬಲಗಾಲು ಬೋರ್ಡಿನ ಹಿಂಭಾಗದಲ್ಲಿರುತ್ತದೆ. ಒದ್ದ ಮೇಲೆ ಎಡಗಾಲನ್ನು ಮುಂದೆ ತಂದಿಡುವಷ್ಟರಲ್ಲಿ ಬೋರ್ಡ್ ಅಡ್ಡಾದಿಡ್ಡಿ ತಿರುಗುತ್ತದೆ. ಇದು ಸರಿಯಾದ ಕ್ರಮವೇ? ಈ ವಯಸ್ಸಿನಲ್ಲಿ ಇದೆಲ್ಲ ಸಾಧ್ಯವೇ ಎಂದು ಮನೆಯವರು ಕೇಳುತ್ತಿದ್ದಾರೆ. ಅವರಿಗೂ ಉತ್ತರ ಹೇಳಬೇಕಾಗಿದೆ.

ಉತ್ತರ 1 (ರಾಯಚೂರಿನಿಂದ)

ಅಣ್ಣನವರೇ, ರಸ್ತೆಯಲ್ಲಿ ಬಿದ್ದದ್ದಕ್ಕೆ ನಿಮ್ಮ ತಪ್ಪಿಗಿಂತ ಗಾಲಿಯೇ ಹೆಚ್ಚು ಕಾರಣವೆಂದು ತೋರುತ್ತದೆ. ಗಾಲಿಯ ಮೇಲೆ 99ಎ ಅಥವಾ 101ಎ ಎಂದು ಅಚ್ಚಾಗಿದೆಯೇ ನೋಡಿ. ಅದು ಗಡಸುತನದ ಅಳತೆ. ಅಷ್ಟು ಗಡುಸಾದ, 52 ಮಿ.ಮೀ. ಆಸುಪಾಸಿನ ಚಿಕ್ಕ ಗಾಲಿಗಳು ನುಣುಪು ಕಾಂಕ್ರೀಟಿಗೆ ಹೇಳಿ ಮಾಡಿಸಿದಂಥವು. ಜಲ್ಲಿ ಚೂರು ಸಿಕ್ಕಾಗ ಅವು ಅದರ ಮೇಲೆ ಹತ್ತುವುದೂ ಇಲ್ಲ, ಅದನ್ನು ಅದುಮಿಕೊಂಡು ದಾಟುವುದೂ ಇಲ್ಲ, ಗೋಡೆಗೆ ತಾಗಿದಂತೆ ನಿಂತುಬಿಡುತ್ತವೆ. ನಮ್ಮ ಕಡೆಯ ರಸ್ತೆಗಳಿಗೆ 78ಎ ಆಸುಪಾಸಿನ ಮೆತ್ತನೆಯ, 56ರಿಂದ 60 ಮಿ.ಮೀ. ವ್ಯಾಸದ ಗಾಲಿ ಬೇಕು. ಹಳೆಯ ಕಾಲದ ಬೋರ್ಡುಗಳಿಗೆ ಜೇಡಿಮಣ್ಣಿನ ಗಾಲಿಗಳಿದ್ದವು, ಅವೂ ಹೀಗೆಯೇ ಸಣ್ಣ ಕಲ್ಲಿಗೆ ನಿಂತು ಸವಾರನನ್ನು ಕೆಡವುತ್ತಿದ್ದವು. 1970ರ ದಶಕದ ಆರಂಭದಲ್ಲಿ ಅಮೆರಿಕದ ಫ್ರಾಂಕ್ ನ್ಯಾಸ್ವರ್ದಿ ಪಾಲಿಯುರೆಥೇನ್ ಗಾಲಿಗಳನ್ನು ತಂದ ಮೇಲೆಯೇ ಒರಟು ನೆಲದ ಮೇಲೆ ಹಿಡಿತ ಸಿಕ್ಕಿತು.

ಒಂದು ಎಚ್ಚರಿಕೆ ಇದೆ. ನಾನು 60 ಮಿ.ಮೀ. ಗಾಲಿ ಹಾಕಿಕೊಂಡಾಗ ಹಲಗೆಗೂ ಟ್ರಕ್ಕಿಗೂ, ಅಂದರೆ ಗಾಲಿಗಳನ್ನು ಹೊತ್ತ ಲೋಹದ ಭಾಗಕ್ಕೂ, ನಡುವೆ ಇಡಬೇಕಾದ ರೈಸರ್ ಬಿಲ್ಲೆಯನ್ನು ಇಟ್ಟಿರಲಿಲ್ಲ. ಮೊದಲ ತಿರುವಿನಲ್ಲೇ ಗಾಲಿ ಹಲಗೆಯ ತಳಕ್ಕೆ ಕಚ್ಚಿಕೊಂಡು ನಾನು ಬಿದ್ದೆ. ತಳದಲ್ಲಿ ಅರ್ಧಚಂದ್ರದಂಥ ಕಪ್ಪು ಗುರುತು ಇಂದಿಗೂ ಹಾಗೆಯೇ ಇದೆ. ಆದ್ದರಿಂದ ದೊಡ್ಡ ಗಾಲಿ ತರಿಸುವಾಗ ರೈಸರ್‌ಗಳನ್ನೂ, ಅವುಗಳ ದಪ್ಪಕ್ಕೆ ತಕ್ಕಂತೆ ಉದ್ದನೆಯ ಬೋಲ್ಟುಗಳನ್ನೂ ತರಿಸಿ. ಗಾಲಿಯ ನಟ್ಟು ಬಿಚ್ಚಲು ಬೈಕ್ ಗ್ಯಾರೇಜಿನ 13 ನಂಬರ್ ಪಾನಾ ಸಾಕಾಗುತ್ತದೆ.

ಕಾಲಿನ ವಿಷಯದಲ್ಲಿ ನೀವು ಮಾಡುತ್ತಿರುವುದಕ್ಕೆ ಮೊಂಗೊ ಎಂಬ ಹೆಸರಿದೆ. ಮುಂದಿರಬೇಕಾದ ಕಾಲಿನಿಂದಲೇ ಒದೆಯುವುದರಿಂದ ಭಾರವೆಲ್ಲ ಹಿಂದಿನ ಗಾಲಿಗಳ ಮೇಲೆ ಬಿದ್ದು ಮುಂಭಾಗ ದಿಕ್ಕು ತಪ್ಪುತ್ತದೆ. ಎಡಗಾಲನ್ನು ಮುಂದಿನ ಬೋಲ್ಟುಗಳ ಬಳಿ, ಬೆರಳುಗಳು ಸಾಗುವ ದಿಕ್ಕಿಗೆ ಇರುವಂತೆ ಊರಿ, ಬಲಗಾಲಿನಿಂದ ಒದೆಯಿರಿ. ಈಗಲೇ ಬಿಡದಿದ್ದರೆ ಈ ಅಭ್ಯಾಸ ಮುಂದೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ.

ಉತ್ತರ 2 (ಬಳ್ಳಾರಿಯಿಂದ)

ನಾನು ಫಿಸಿಯೋಥೆರಪಿ ವೃತ್ತಿಯವಳು. ನಿಮ್ಮ ತರಚಿದ ಅಂಗೈಗಳ ಬಗ್ಗೆ ಓದಿ ಬರೆಯುತ್ತಿದ್ದೇನೆ. ಬೀಳುವಾಗ ಕೈ ಚಾಚುವುದು ಎಲ್ಲರ ಸಹಜ ಪ್ರತಿಕ್ರಿಯೆ, ಮಣಿಕಟ್ಟಿನ ಮೂಳೆ ಮುರಿಯುವುದೂ ಹೆಚ್ಚಾಗಿ ಅದರಿಂದಲೇ. ಮಣಿಕಟ್ಟಿನ ಗಾರ್ಡ್ ಮತ್ತು ತಲೆಯ ಹಿಂಭಾಗವನ್ನೂ ಮುಚ್ಚುವ ಸ್ಕೇಟ್ ಹೆಲ್ಮೆಟ್ ಇಲ್ಲದೆ ದಯವಿಟ್ಟು ಬೋರ್ಡ್ ಹತ್ತಬೇಡಿ. ನಮ್ಮೂರಿನ ದಪ್ಪ ಜೀನ್ಸ್ ಚರ್ಮವನ್ನು ಕಾಯಬಹುದು, ಮೊಣಕಾಲಿನ ಚಿಪ್ಪನ್ನು ಕಾಯುವುದಿಲ್ಲ. ಅದಕ್ಕೆ ಪ್ಯಾಡ್ ಬೇಕು. ಮನೆಯಲ್ಲಿ ಗಾದಿ ಹಾಸಿಕೊಂಡು, ಮೊಣಕಾಲು ಮಡಚಿ, ಕೈಗಳನ್ನು ಎದೆಗೆ ಎಳೆದುಕೊಂಡು, ಭುಜ ಮತ್ತು ಬೆನ್ನಿನ ಮೇಲೆ ಓರೆಯಾಗಿ ಉರುಳುವುದನ್ನು ದಿನಕ್ಕೆ ಹತ್ತು ಸಲ ಅಭ್ಯಾಸ ಮಾಡಿ. ಬೋರ್ಡಿನ ಮೇಲೂ ಮೊಣಕಾಲು ಮಡಚಿಯೇ ಇರಲಿ, ಸೆಟೆದು ನಿಂತವರೇ ಜೋರಾಗಿ ಬೀಳುತ್ತಾರೆ.

ಮನೆಯವರಿಗೆ ಇದನ್ನು ಹೇಳಿ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸ್ಕೇಟ್‌ಬೋರ್ಡಿಂಗ್‌ನಲ್ಲಿ ಬ್ರಿಟನ್ ಪರವಾಗಿ ಆ್ಯಂಡಿ ಮ್ಯಾಕ್‌ಡೊನಾಲ್ಡ್ ಹದಿಹರೆಯದವರ ಜೊತೆ ಸ್ಪರ್ಧಿಸಿದಾಗ ಅವರ ವಯಸ್ಸು 51. ಅವರು ಚಿಕ್ಕಂದಿನಿಂದ ಆಡಿದವರು, ನಿಜ. ಆದರೂ ದೇಹ ಆ ವಯಸ್ಸಿಗೂ ಇದನ್ನು ತಾಳುತ್ತದೆ ಎಂಬುದಕ್ಕೆ ಅಷ್ಟು ಸಾಕು.

ಬಳ್ಳಾರಿಯಲ್ಲಿ ಅಭ್ಯಾಸ ಮಾಡುವ ನನ್ನ ತಮ್ಮನಿಗೆ ಕೆಂಧೂಳಿನದೇ ಕಾಟ. ನೀರು ಹಾಕಿ ತೊಳೆದ ಬೇರಿಂಗುಗಳು ತುಕ್ಕು ಹಿಡಿದು ಹಾಳಾದವು. ಒಣ ಬಟ್ಟೆಯಿಂದ ಒರೆಸಿ. ಬದಲಿಸಬೇಕಾದರೆ ಬೇರಿಂಗ್ ಅಂಗಡಿಯಲ್ಲಿ 608 ಎಂದು ಕೇಳಿದರೆ ಸಾಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. 78ಎ ಗಾಲಿಯನ್ನೂ ರೈಸರನ್ನೂ ಹಾಕಿದ್ದೇನೆ. ನಿನ್ನೆ ಬೇಕೆಂದೇ ಒಂದು ಜಲ್ಲಿ ಚೂರಿನ ಮೇಲೆ ನಿಧಾನವಾಗಿ ಸಾಗಿದೆ. ಪಾದದಡಿ ಸಣ್ಣದೊಂದು ಕುಲುಕು ತಿಳಿಯಿತು, ಬೋರ್ಡ್ ನಿಲ್ಲಲಿಲ್ಲ. ಬಲಗಾಲಿನಿಂದ ಒದೆಯುವುದು ಇನ್ನೂ ಕೈಗೂಡಿಲ್ಲವಾದರೂ ದಿನವೂ ಪ್ರಯತ್ನಿಸುತ್ತಿದ್ದೇನೆ. ವೇಗ ಬಂದಾಗ ನಿಲ್ಲಿಸುವುದು ಹೇಗೆ?

ಉತ್ತರ 1 (ರಾಯಚೂರಿನಿಂದ)

ಹಾರುವುದಕ್ಕಿಂತ ಮೊದಲು ಕಲಿಯಬೇಕಾದದ್ದನ್ನೇ ಕೇಳಿದ್ದೀರಿ. ಭಾರವನ್ನೆಲ್ಲ ಮುಂದಿನ ಕಾಲಿಗೆ ಕೊಟ್ಟು, ಹಿಂದಿನ ಪಾದದ ಅಟ್ಟೆಯನ್ನು ನೆಲಕ್ಕೆ ಮೆಲ್ಲಗೆ ಸವರಿಸಿ, ಉಜ್ಜುತ್ತ ಉಜ್ಜುತ್ತ ಒತ್ತಡ ಹೆಚ್ಚಿಸಿ. ಒಮ್ಮೆಗೇ ಊರಿದರೆ ಬೋರ್ಡ್ ಮುಂದೆ ಹೋಗಿ ನೀವು ಹಿಂದೆ ಬೀಳುತ್ತೀರಿ. ಮೊದಲ ವಾರ ನಡೆಯುವ ವೇಗದಲ್ಲಿ ಮಾತ್ರ, ಅದೂ ಕಣದ ಮೇಲೆಯೇ ಮಾಡಿ. ಚಪ್ಪಲಿಯಲ್ಲಿ ಇದನ್ನು ಮಾಡಲೇಬೇಡಿ. ಚಪ್ಪಟೆ ರಬ್ಬರ್ ಅಟ್ಟೆಯ ಶೂ ಹಾಕಿಕೊಳ್ಳಿ.